ಮಗುವಿನ ಮೊದಲ ಫೆನ್ಸಿಂಗ್ ಪಾಠಕ್ಕೆ ಮುನ್ನ ಏನೇನು ಸಿದ್ಧತೆ ಬೇಕು?

ಪ್ರಶ್ನೆ: ಒಬ್ಬ ತಾಯಿ, ಮೈಸೂರು

ಎಲ್ಲರಿಗೂ ನಮಸ್ಕಾರ.

ನನ್ನ ಮಗಳಿಗೆ ಒಂಬತ್ತು ವರ್ಷ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭವಾನಿ ದೇವಿಯವರು ಆಡಿದ ಪಂದ್ಯದ ವಿಡಿಯೊವನ್ನು ಶಾಲೆಯ ಆಟದ ಮೇಷ್ಟ್ರು ತೋರಿಸಿದ ಮೇಲೆ ಅವಳು ಫೆನ್ಸಿಂಗ್, ಅಂದರೆ ಕತ್ತಿವರಸೆಯ ಆಟ, ಕಲಿಯಲೇಬೇಕೆಂದು ಹಟ ಹಿಡಿದಿದ್ದಾಳೆ. ನಾಲ್ಕು ದಿನಗಳಲ್ಲಿ ತಣ್ಣಗಾಗುವ ಆಸೆ ಇರಬಹುದೆಂದು ನಾನೂ ನನ್ನ ಪತಿಯೂ ಕಾದು ನೋಡಿದೆವು, ಅವಳು ಬಿಡಲಿಲ್ಲ. ಮನೆಯಿಂದ ಹೆಚ್ಚು ದೂರವಿಲ್ಲದ ಒಳಾಂಗಣ ಕ್ರೀಡಾಂಗಣವೊಂದರಲ್ಲಿ ಮಕ್ಕಳಿಗಾಗಿ ಸಂಜೆಯ ತರಗತಿ ನಡೆಯುತ್ತಿರುವುದು ತಿಳಿದು ಈಗ ಹೆಸರು ಬರೆಸಿದ್ದೇವೆ. ಮುಂದಿನ ಸೋಮವಾರ ಮೊದಲ ಪಾಠ.

ನಮ್ಮ ಎರಡೂ ಕುಟುಂಬಗಳಲ್ಲಿ ಈ ಆಟವನ್ನು ಹತ್ತಿರದಿಂದ ಕಂಡವರು ಯಾರೂ ಇಲ್ಲ. ಈಜಿಗೋ ಬ್ಯಾಡ್ಮಿಂಟನ್ನಿಗೋ ಸೇರಿಸುವುದಾಗಿದ್ದರೆ ಏನು ಕೊಡಿಸಬೇಕು, ಏನು ಹೇಳಿ ಕಳುಹಿಸಬೇಕು ಎಂಬುದನ್ನು ಅಕ್ಕಪಕ್ಕದವರನ್ನು ಕೇಳಿ ತಿಳಿಯಬಹುದಿತ್ತು. ಆದ್ದರಿಂದ ಬಲ್ಲವರು ಇಲ್ಲಿ ಉತ್ತರಿಸಬೇಕೆಂದು ಕೋರುತ್ತೇನೆ. ಆನ್‌ಲೈನ್ ಅಂಗಡಿಗಳಲ್ಲಿ ಮಾಸ್ಕ್, ಜಾಕೆಟ್, ಗ್ಲೌಸ್, ಕತ್ತಿ ಎಲ್ಲವನ್ನೂ ಸೇರಿಸಿದ ಪೂರ್ತಿ ಸೆಟ್ಟುಗಳು ಕಾಣುತ್ತವೆ. ಮೊದಲ ದಿನಕ್ಕೆ ಮುಂಚೆಯೇ ಅದನ್ನು ಕೊಳ್ಳಬೇಕೇ? ಕತ್ತಿಯಲ್ಲಿ ಮೂರು ಬಗೆಗಳಿವೆಯೆಂದು ಓದಿದ್ದೇನೆ. ಮಗುವಿಗೆ ಯಾವುದು ತಕ್ಕದ್ದು? ಅವಳು ಎಡಗೈಯವಳು, ಕನ್ನಡಕವನ್ನೂ ಹಾಕುತ್ತಾಳೆ. ಇವೆರಡರಿಂದ ತೊಂದರೆಯಾಗುವುದೇ?

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ. ಇವಳು ಸ್ವಭಾವತಃ ಸಂಕೋಚದ ಹುಡುಗಿ. ಬೀದಿಯ ಮಕ್ಕಳೊಂದಿಗೆ ಕುಂಟೆಬಿಲ್ಲೆ ಆಡುವಾಗಲೂ ಔಟಾದರೆ ಸಾಕು, ಮಾತಿಲ್ಲದೆ ಬಂದು ಮೂಲೆ ಹಿಡಿದು ಕೂರುತ್ತಾಳೆ. ಎದುರಾಳಿಯ ಕತ್ತಿ ಮೈಗೆ ತಗಲುವುದೇ ಅಂಕವಾಗಿರುವ ಆಟದಲ್ಲಿ ಇಂಥ ಮಗು ನಿಲ್ಲಬಲ್ಲಳೇ, ಅವಳ ಮನಸ್ಸನ್ನು ಹೇಗೆ ಅಣಿಗೊಳಿಸಬೇಕು ಎಂಬುದು ನನಗೆ ತೋಚುತ್ತಿಲ್ಲ. ನಮ್ಮ ಅತ್ತೆಯವರಂತೂ, ಪ್ರತಿ ವಿಜಯದಶಮಿಗೂ ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದ ಸುದ್ದಿ ಕೇಳುತ್ತ ಬೆಳೆದವರು. ಮೊದಲ ರಕ್ತ ಚಿಮ್ಮಿದಾಗ ನಿಲ್ಲುವ ಆ ಕಾಳಗವನ್ನೇ ಮನಸ್ಸಿನಲ್ಲಿಟ್ಟುಕೊಂಡು, “ಮಗುವಿನ ಕೈಗೆ ಆಯುಧ ಕೊಡುತ್ತೀರಲ್ಲ, ಕಣ್ಣಿಗೆ ತಗುಲಿದರೆ ಗತಿಯೇನು” ಎಂದು ದಿನಕ್ಕೊಮ್ಮೆ ಕೇಳುತ್ತಾರೆ. ಅವರಿಗೆ ಸಮಾಧಾನವಾಗುವಂಥ ನಿಜವಾದ ಉತ್ತರ ನನಗೂ ಬೇಕು.

ಉತ್ತರ: ಒಬ್ಬ ತಂದೆ, ಬೆಂಗಳೂರು

ಮೇಡಂ ಅವರಿಗೆ ನಮಸ್ಕಾರ. ನನ್ನ ಮಗ ಕೆಲವು ವರ್ಷಗಳಿಂದ ಫೆನ್ಸಿಂಗ್ ಕಲಿಯುತ್ತಿದ್ದಾನೆ. ಆಟದ ಸೂಕ್ಷ್ಮಗಳನ್ನು ತರಬೇತುದಾರರು ಹೇಳಲಿ. ಮನೆಯಿಂದ ಹೊರಡುವವರೆಗಿನ ಸಿದ್ಧತೆಯನ್ನು ನಾನು ಹೇಳುತ್ತೇನೆ.

ದಯವಿಟ್ಟು ಈಗಲೇ ಏನನ್ನೂ ಕೊಳ್ಳಬೇಡಿ. ಮಕ್ಕಳ ತರಗತಿ ನಡೆಸುವ ಬಹುತೇಕ ಕಡೆಗಳಲ್ಲಿ ಮೊದಲ ಕೆಲವು ತಿಂಗಳು ಬಳಸಲು ಮಾಸ್ಕ್, ಜಾಕೆಟ್ ಮತ್ತು ಕತ್ತಿಗಳನ್ನು ಅವರೇ ಇಟ್ಟಿರುತ್ತಾರೆ. ಪೂರ್ತಿ ಸೆಟ್ಟಿಗೆ ಬಹಳಷ್ಟು ಹಣ ಬೇಕಾಗುತ್ತದೆ. ಮಗು ಬೆಳೆಯುವ ವೇಗಕ್ಕೆ ಜಾಕೆಟ್ ಬೇಗನೆ ಗಿಡ್ಡವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೂರು ಆಯುಧಗಳಲ್ಲಿ ಯಾವುದನ್ನು ಕಲಿಸುತ್ತಾರೆಂಬುದು ತಿಳಿಯದೆ ಕೊಂಡ ಕತ್ತಿ ಮನೆಯ ಅಟ್ಟ ಸೇರಬಹುದು. ನಿಮ್ಮ ಮಗಳು ಮೆಚ್ಚಿಕೊಂಡಿರುವ ಭವಾನಿ ದೇವಿಯವರೇ 2004ರಲ್ಲಿ ಚೆನ್ನೈನ ಶಾಲೆಯಲ್ಲಿ ಕಲಿಯಲು ಆರಂಭಿಸಿದಾಗ ಬಿದಿರಿನ ಕೋಲುಗಳಲ್ಲಿ ಅಭ್ಯಾಸ ಮಾಡಿ, ದುಬಾರಿಯಾದ ನಿಜವಾದ ಕತ್ತಿಯನ್ನು ಪಂದ್ಯಗಳಿಗೆಂದು ಉಳಿಸಿಕೊಳ್ಳುತ್ತಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಒಂದು ವೇಳೆ ಏನಾದರೂ ಕೊಡಿಸಲೇಬೇಕೆನಿಸಿದರೆ, ಸ್ವಲ್ಪ ದಿನ ಕಳೆದ ಮೇಲೆ ಅವಳ ಕೈಯಳತೆಯ ಒಂದು ಗ್ಲೌಸ್ ಕೊಡಿಸಿ. ಹತ್ತಾರು ಮಕ್ಕಳು ಬೆವರು ಸುರಿಸಿದ ಗ್ಲೌಸಿನೊಳಗೆ ಕೈ ತೂರಿಸುವುದು ಯಾವ ಮಗುವಿಗೂ ಇಷ್ಟವಾಗುವುದಿಲ್ಲ. ಗ್ಲೌಸ್ ಬೇಕಾಗುವುದು ಕತ್ತಿ ಹಿಡಿಯುವ ಕೈಗೆ ಮಾತ್ರ. ಆದ್ದರಿಂದ ನಿಮ್ಮವಳಿಗೆ ಎಡಗೈಯದನ್ನೇ ಕೇಳಿ ತರಿಸಬೇಕು.

ಬಟ್ಟೆಯ ವಿಷಯದಲ್ಲಿ ತೋಳಿರುವ ಹತ್ತಿಯ ಟೀ ಶರ್ಟು, ಮೊಣಕಾಲು ಮುಚ್ಚುವಷ್ಟು ಉದ್ದದ ಟ್ರ್ಯಾಕ್ ಪ್ಯಾಂಟು, ಉದ್ದನೆಯ ಕಾಲುಚೀಲ ಸಾಕು. ಪ್ಯಾಂಟಿಗೆ ಹೊರಜೇಬಾಗಲಿ ಜಿಪ್ಪಾಗಲಿ ಇಲ್ಲದಿದ್ದರೆ ಒಳ್ಳೆಯದು, ಕತ್ತಿಯ ತುದಿ ಅಂಥ ಕಡೆ ಸಿಕ್ಕಿಕೊಳ್ಳುತ್ತದೆ. ಓಟಕ್ಕೆಂದು ಮಾಡಿದ ದಪ್ಪ ಅಟ್ಟೆಯ ಶೂ ಬೇಡ. ಅಕ್ಕಪಕ್ಕಕ್ಕೆ ಹೊರಳುವಾಗ ಪಾದ ಮಗುಚುವ ಅಪಾಯವಿದೆ. ಬ್ಯಾಡ್ಮಿಂಟನ್ ಆಡುವ, ನೆಲಕ್ಕೆ ಗುರುತು ಮೂಡಿಸದ ಚಪ್ಪಟೆ ಅಟ್ಟೆಯ ಶೂ ಇದಕ್ಕೆ ಸರಿಯಾಗಿ ಹೊಂದುತ್ತದೆ. ಕೂದಲು ಉದ್ದವಿದ್ದರೆ ಮೇಲಕ್ಕೆತ್ತಿ ತುರುಬು ಕಟ್ಟಬೇಡಿ, ಮಾಸ್ಕ್ ಕೂರುವುದಿಲ್ಲ. ಕುತ್ತಿಗೆಯ ಬಳಿ ಒಂದೇ ಜಡೆ ಹೆಣೆದು ಜಾಕೆಟ್ಟಿನೊಳಗೆ ಸೇರಿಸಲು ಬರುವಂತಿರಲಿ. ಓಲೆ, ಬಳೆ, ಕೊರಳ ಸರ ಮನೆಯಲ್ಲೇ ಉಳಿಯಲಿ. ಕನ್ನಡಕದ ಮೇಲೆಯೇ ಮಾಸ್ಕ್ ಧರಿಸಬಹುದು, ಬಲೆಗೂ ಮುಖಕ್ಕೂ ನಡುವೆ ಜಾಗವಿರುತ್ತದೆ. ಆದರೆ ಕನ್ನಡಕ ಜಾರದಂತೆ ಹಿಂದೆ ಕಟ್ಟುವ ಪಟ್ಟಿಯೊಂದನ್ನು ಹಾಕಿಸಿ, ಗಾಜಿನ ಬದಲು ಒಡೆಯದ ಲೆನ್ಸ್ ಇರುವಂತೆ ನೋಡಿಕೊಳ್ಳಿ. ಮಾಸ್ಕಿನೊಳಗೆ ಸೆಕೆ ವಿಪರೀತವಾದ್ದರಿಂದ ದೊಡ್ಡ ಬಾಟಲಿಯಲ್ಲಿ ನೀರು ಕಳುಹಿಸುವುದನ್ನು ಮರೆಯಬೇಡಿ.

ಅವಳಿಗೆ ಮುಂಚೆಯೇ ತಿಳಿಸಬೇಕಾದ ಒಂದು ಸಂಗತಿಯಿದೆ. ಮೊದಲ ದಿನ ಕತ್ತಿ ಕೈಗೆ ಬರದೆಯೂ ಇರಬಹುದು. ಎಷ್ಟೋ ಮಕ್ಕಳು ವಿಡಿಯೊದಲ್ಲಿ ಕಂಡ ಮಿಂಚಿನ ಕಾಳಗವನ್ನು ನಿರೀಕ್ಷಿಸಿ ಬಂದು, ಒಂದು ಗಂಟೆ ಮುಂದೆ ಹಿಂದೆ ಹೆಜ್ಜೆ ಹಾಕಿಸಿಕೊಂಡು, ಸಪ್ಪೆ ಮುಖ ಮಾಡಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. “ಮೊದಲು ಕಾಲು ಕಲಿಯುತ್ತದೆ, ಆಮೇಲೆ ಕೈ” ಎಂದು ಈಗಲೇ ಹೇಳಿಟ್ಟರೆ ಆ ನಿರಾಸೆ ತಪ್ಪುತ್ತದೆ.

ಉತ್ತರ: ನಿವೃತ್ತ ತರಬೇತುದಾರ, ಬೆಂಗಳೂರು

ಮೇಲಿನವರು ಬರೆದಿರುವುದೆಲ್ಲ ಸರಿಯಾಗಿದೆ. ಉಳಿದ ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ, ಮೊದಲಿಗೆ ನಿಮ್ಮ ಅತ್ತೆಯವರದಕ್ಕೆ. ಹಿರಿಯರ ಆತಂಕವನ್ನು ಹಳೆಯ ಕಾಲದ ಭಯವೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಈ ಆಟವೇ ಒಮ್ಮೆ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕಾಯಿತು. 1982ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನದ ಪದಕ ವಿಜೇತರಾಗಿದ್ದ ಸೋವಿಯತ್ ಆಟಗಾರ ವ್ಲಾದಿಮಿರ್ ಸ್ಮಿರ್ನೊವ್ ಅವರ ಮಾಸ್ಕನ್ನು, ಎದುರಾಳಿಯ ಕೈಯಲ್ಲಿ ಮುರಿದ ಕತ್ತಿಯ ಅಲಗು ತೂರಿಹೋಗಿ, ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಇಂದು ನಮ್ಮ ಮಕ್ಕಳು ಧರಿಸುವ ರಕ್ಷಣಾ ಸಾಮಗ್ರಿ ಬಹುಮಟ್ಟಿಗೆ ಆ ದುರಂತದಿಂದ ಕಲಿತ ಪಾಠದ ಫಲ. ಮಾಸ್ಕಿನ ಬಲೆಯ ಬಲ ಹೆಚ್ಚಿತು, ಸುಲಭವಾಗಿ ಬಿರುಕು ಬಿಡದ ಮಾರೇಜಿಂಗ್ ಉಕ್ಕಿನ ಅಲಗುಗಳು ಬಂದವು, ಜಾಕೆಟ್ಟಿಗೆ ತೂರಿಹೋಗದ ಬಟ್ಟೆ ಕಡ್ಡಾಯವಾಯಿತು. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಜಾಕೆಟ್ಟಿನ ಬಟ್ಟೆ 800 ನ್ಯೂಟನ್ ಒತ್ತಡವನ್ನೂ, ಮಾಸ್ಕಿನ ಕೆಳಗೆ ಕುತ್ತಿಗೆಯನ್ನು ಮುಚ್ಚುವ ಬಟ್ಟೆ 1600 ನ್ಯೂಟನ್ ಒತ್ತಡವನ್ನೂ ತಾಳಬೇಕು. ಆರಂಭದ ಮಕ್ಕಳಿಗೆ ಸಾಮಾನ್ಯವಾಗಿ 350 ನ್ಯೂಟನ್ ದರ್ಜೆಯದನ್ನು ಕೊಡುತ್ತಾರೆ. ಜಾಕೆಟ್ಟಿನೊಳಗೆ, ಕತ್ತಿ ಹಿಡಿದ ಕಡೆಯ ಕಂಕುಳನ್ನು ಮುಚ್ಚುವಂತೆ, ಪ್ಲಾಸ್ಟ್ರನ್ ಎಂಬ ಇನ್ನೊಂದು ಅರೆ ಅಂಗಿ ಇರುತ್ತದೆ. ಹೆಣ್ಣುಮಕ್ಕಳು ಎದೆಗೆ ಗಟ್ಟಿಯಾದ ಕವಚವನ್ನೂ ಧರಿಸುತ್ತಾರೆ. ಕತ್ತಿಗೆ ಹರಿತವಿಲ್ಲ, ತುದಿ ಮೊಂಡು. ತಗುಲಿದ ಕೂಡಲೇ ಅಲಗು ಬಿಲ್ಲಿನಂತೆ ಬಾಗಿ ಒತ್ತಡವನ್ನು ತಾನೇ ನುಂಗುತ್ತದೆ. ಈ ಆಟದಲ್ಲಿ ಹೆಚ್ಚಾಗಿ ಆಗುವ ಪೆಟ್ಟುಗಳೆಂದರೆ ಉಳುಕಿದ ಪಾದ, ಮೊಣಕಾಲಿನ ನೋವು, ಸ್ನಾಯು ಸೆಳೆತ. ಅಂದರೆ ಓಡುವ, ಜಿಗಿಯುವ ಯಾವ ಆಟದಲ್ಲಾದರೂ ಕಾಣುವಂಥವು.

ಆದರೂ ಸಲಕರಣೆ ಇದೆಯೆಂದ ಮಾತ್ರಕ್ಕೆ ಸುರಕ್ಷಿತವೆಂದು ನಾನು ಹೇಳಲಾರೆ. ಮೊದಲ ದಿನ ನೀವು ಸ್ವಲ್ಪ ಹೊತ್ತು ಅಲ್ಲೇ ಕುಳಿತು ಗಮನಿಸಿ. ಯಾವ ಮಗುವಾದರೂ ಮಾಸ್ಕ್ ಇಲ್ಲದೆ ಕತ್ತಿ ಎತ್ತಿದಾಗ ಗುರುಗಳು ತಕ್ಷಣ ಇಡೀ ತರಗತಿಯನ್ನು ನಿಲ್ಲಿಸುತ್ತಾರೆಯೇ, ಮಕ್ಕಳು ನಡೆಯುವಾಗ ಕತ್ತಿಯ ತುದಿಯನ್ನು ನೆಲದತ್ತ ಇಡುತ್ತಾರೆಯೇ, “ಹಾಲ್ಟ್” ಎಂಬ ಮಾತು ಕಿವಿಗೆ ಬಿದ್ದೊಡನೆ ಎಲ್ಲರೂ ನಿಲ್ಲುತ್ತಾರೆಯೇ, ತುಕ್ಕು ಹಿಡಿದ ಅಥವಾ ಟೇಪು ಸುತ್ತಿದ ಅಲಗು, ಬಲೆಯಲ್ಲಿ ತಗ್ಗು ಬಿದ್ದ ಮಾಸ್ಕ್ ಎಲ್ಲಿಯಾದರೂ ಬಳಕೆಯಲ್ಲಿದೆಯೇ ಎಂಬುದನ್ನು ನೋಡಿ. ಇವುಗಳಲ್ಲಿ ಒಂದು ಸರಿಯಿಲ್ಲದಿದ್ದರೂ ವಿನಯದಿಂದ ಕೇಳಿ. ಕೇಳಿದ್ದಕ್ಕೆ ಬೇಸರಪಡುವ ಗುರುವಿನ ಬಳಿ ಮಗುವನ್ನು ಬಿಡಬೇಡಿ. ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಮಾಸ್ಕನ್ನು ಅವರ ಕೈಗೇ ಕೊಟ್ಟು ಒತ್ತಿ ನೋಡಲು ಹೇಳಿ. ನಾನು ಎಷ್ಟು ವಿವರಿಸಿದರೂ ಒಪ್ಪದಿದ್ದ ಅಜ್ಜಿಯರು ಆ ಬಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ ಮೇಲೆ ಮೊಮ್ಮಕ್ಕಳನ್ನು ತಾವೇ ಕರೆತಂದದ್ದುಂಟು.

ಆಯುಧಗಳ ವಿಷಯ. ಫಾಯಿಲ್‌ನಲ್ಲಿ ಮುಂಡಕ್ಕೆ ಮಾತ್ರ ತುದಿಯಿಂದ ತಾಗಿಸಬೇಕು. ಕೈಗೋ ಕಾಲಿಗೋ ತಗುಲಿದರೆ ಆಟ ನಿಲ್ಲುತ್ತದೆ, ಅಂಕ ಸಿಗುವುದಿಲ್ಲ. ಎಪೇಯಲ್ಲಿ ತಲೆಯಿಂದ ಪಾದದವರೆಗೆ ಇಡೀ ಮೈ ಗುರಿ. ಇಬ್ಬರೂ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ತಾಗಿಸಿದರೆ ಇಬ್ಬರಿಗೂ ಅಂಕ. ಭವಾನಿ ದೇವಿಯವರು ಆಡುವ ಸೇಬರ್‌ನಲ್ಲಿ ಸೊಂಟದಿಂದ ಮೇಲಿನ ಭಾಗ ಗುರಿಯಾಗಿದ್ದು, ಅಲಗಿನ ಅಂಚಿನಿಂದ ಬೀಸಿದರೂ ಅಂಕ ಬರುತ್ತದೆ. ಫಾಯಿಲ್ ಮತ್ತು ಸೇಬರ್ ಎರಡರಲ್ಲೂ ಒಟ್ಟಿಗೆ ತಗುಲಿದಾಗ ದಾಳಿಯ ಹಕ್ಕು, ಅಂದರೆ ಮೊದಲು ದಾಳಿ ಆರಂಭಿಸಿದವರಿಗೆ ಅಥವಾ ಆ ದಾಳಿಯನ್ನು ತಡೆದವರಿಗೆ ಸಿಗುವ ಆದ್ಯತೆ, ಯಾರದಾಗಿತ್ತೆಂದು ತೀರ್ಪುಗಾರರು ನಿರ್ಧರಿಸುತ್ತಾರೆ. ಮಕ್ಕಳಿಗೆ ಫಾಯಿಲ್‌ನಿಂದ ಆರಂಭಿಸುವುದು ಬಹುಕಾಲದ ರೂಢಿ, ನನ್ನ ಒಲವೂ ಅದಕ್ಕೇ: ಗುರಿ ಚಿಕ್ಕದಾದ್ದರಿಂದ ಕೈಯ ನಿಯಂತ್ರಣ ಬೇಗ ಕೂಡುತ್ತದೆ, ತಡೆದ ಮೇಲೆಯೇ ತಿರುಗಿ ಚುಚ್ಚಬೇಕೆಂಬ ಶಿಸ್ತು ಬರುತ್ತದೆ, ಆಯುಧ ಅರ್ಧ ಕಿಲೋಗಿಂತ ಹಗುರ. ಹಾಗೆಂದು ನಿಮ್ಮ ಊರಿನ ಗುರುಗಳು ಸೇಬರ್ ಕಲಿಸುವವರಾದರೆ ಅದನ್ನೇ ಕಲಿಯಲಿ. ಒಳ್ಳೆಯ ಗುರು ಸಿಗುವುದು ಆಯುಧದ ಆಯ್ಕೆಗಿಂತ ದೊಡ್ಡದು. ದೊಡ್ಡವರ ಫಾಯಿಲ್‌ನ ಅಲಗು 90 ಸೆಂಟಿಮೀಟರ್ ಉದ್ದವಿದ್ದು ಅದನ್ನು ಐದನೇ ನಂಬರ್ ಎನ್ನುತ್ತಾರೆ. ಒಂಬತ್ತು ವರ್ಷದ ಮಗುವಿಗೆ ಅದಕ್ಕಿಂತ ಗಿಡ್ಡನೆಯ ಸೊನ್ನೆ ಅಥವಾ ಎರಡನೇ ನಂಬರಿನದನ್ನು ಕೊಡಬೇಕು. ಉದ್ದನೆಯ ಅಲಗು ಹಿಡಿದ ಮಗುವಿನ ಮಣಿಕಟ್ಟು ಬಾಗುತ್ತದೆ, ಒಮ್ಮೆ ಕೂತ ಆ ಅಭ್ಯಾಸವನ್ನು ಬಿಡಿಸುವುದು ಕಷ್ಟ.

ಎಡಗೈ ಎಂಬುದು ಇಲ್ಲಿ ಕೊರತೆಯಲ್ಲವೇ ಅಲ್ಲ. ಬಲಗೈಯವರಿಗೆ ಎಡಗೈಯವರೊಂದಿಗೆ ಆಡಿದ ರೂಢಿ ಕಡಿಮೆಯಾದ್ದರಿಂದ ಪಂದ್ಯಗಳಲ್ಲಿ ಎಡಗೈಯವರಿಗೆ ಅನುಕೂಲವೇ ಹೆಚ್ಚು, ವಿಶ್ವಮಟ್ಟದಲ್ಲೂ ಅವರ ಸಂಖ್ಯೆ ಎದ್ದು ಕಾಣುತ್ತದೆ. ಬಲಗೈಗೆ ಬದಲಾಯಿಸಲು ಯಾರು ಹೇಳಿದರೂ ಒಪ್ಪಬೇಡಿ. ಆದರೆ ಒಂದು ಫೋನ್ ಕರೆ ಈಗಲೇ ಮಾಡಿ. ಜಾಕೆಟ್ಟಿನ ಜಿಪ್ ಕತ್ತಿ ಹಿಡಿಯದ ಕಡೆಗೆ ಇರಬೇಕೆಂಬುದು ನಿಯಮ. ಬಲಗೈಯವರ ಜಾಕೆಟ್ಟನ್ನು ಎಡಗೈಯವಳಿಗೆ ತೊಡಿಸಿದರೆ ತೆರೆಯುವ ಅಂಚು ನೇರವಾಗಿ ಎದುರಾಳಿಯ ಕಡೆಗೆ ಬರುತ್ತದೆ. ಎಡಗೈಯವರ ಜಾಕೆಟ್ಟೋ, ಇಬ್ಬರಿಗೂ ಆಗುವ ಬೆನ್ನಿನ ಜಿಪ್ಪಿನ ಜಾಕೆಟ್ಟೋ ಅಲ್ಲಿದೆಯೇ ಎಂದು ಕೇಳಿಕೊಳ್ಳಿ. ಪ್ಲಾಸ್ಟ್ರನ್ ಮತ್ತು ಹಿಡಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮೊದಲ ಪಾಠದಲ್ಲಿ ಮಗು ಕಲಿಯುವುದು ಹೀಗೆ ನಿಲ್ಲುವುದನ್ನು: ಮುಂದಿನ ಪಾದ ನೇರ, ಹಿಂದಿನ ಪಾದ ಅದಕ್ಕೆ ಅಡ್ಡ, ಎರಡೂ ಹಿಮ್ಮಡಿಗಳು ಒಂದೇ ಗೆರೆಯಲ್ಲಿ, ಮೊಣಕಾಲು ಬಾಗಿದ್ದು ಬೆನ್ನು ನೆಟ್ಟಗೆ. ಮರುದಿನ ತೊಡೆ ನೋಯುತ್ತದೆ, ಗಾಬರಿ ಬೇಡ. ಈಗಿನಿಂದ ಸೋಮವಾರದವರೆಗೆ ದಿನವೂ ಬೆಳಿಗ್ಗೆ ನಿಧಾನವಾಗಿ ಒಂದಷ್ಟು ಬಸ್ಕಿ ಹೊಡೆಸಿದರೆ, ಒಂಟಿಕಾಲಿನಲ್ಲಿ ನಿಲ್ಲಿಸಿದರೆ ಸಾಕು.

ಮತ್ತೆ ಪ್ರಶ್ನೆ ಕೇಳಿದ ತಾಯಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಫೋನ್ ಮಾಡಿ ವಿಚಾರಿಸಿದೆ. ಬೆನ್ನಿನ ಜಿಪ್ಪಿನ ಜಾಕೆಟ್ಟುಗಳು ಅಲ್ಲಿವೆಯಂತೆ. ತರಬೇತುದಾರರು ಬರೆದುದನ್ನು ಅತ್ತೆಯವರಿಗೆ ಪೂರ್ತಿಯಾಗಿ ಓದಿ ಹೇಳಿದೆ. ಸ್ಮಿರ್ನೊವ್ ಅವರ ವಿಷಯವನ್ನು ಬಿಟ್ಟು ಓದೋಣವೆನಿಸಿತ್ತು, ಆದರೆ ಅದನ್ನು ಕೇಳಿದ ಮೇಲೆಯೇ ಅವರು ಉಳಿದದ್ದನ್ನು ನಂಬಿದರು. ಸೋಮವಾರ ತಾವೂ ಬರುತ್ತಾರಂತೆ. ಇನ್ನು ಉಳಿದಿರುವುದು ಮಗಳ ಮನಸ್ಸಿನ ಪ್ರಶ್ನೆ. ತಗುಲಿದಾಗ ನೋಯುವುದೇ ಎಂದು ಅವಳು ಕೇಳುತ್ತಿದ್ದಾಳೆ. ನೋಯುವುದಿಲ್ಲವೆಂದು ಹೇಳಿಬಿಡಲೇ? ಸೋತಾಗ ಮೂಲೆ ಸೇರುವ ಅವಳ ಸ್ವಭಾವಕ್ಕೆ ಏನು ಮಾಡಲಿ? ಮನೆಯಲ್ಲಿ ತಮ್ಮನೊಂದಿಗೆ ಕೋಲು ಹಿಡಿದು ಈಗಿನಿಂದಲೇ ಅಭ್ಯಾಸ ಮಾಡಬಹುದೇ?

ಉತ್ತರ: ಜರ್ಮನಿಯಲ್ಲಿ ನೆಲೆಸಿರುವ ಕನ್ನಡತಿ

ನಾನಿರುವ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲೇ ಟಾವ್ಬರ್‌ಬಿಷೋಫ್ಸ್‌ಹೈಮ್ ಎಂಬ ಪುಟ್ಟ ಊರಿದೆ. ಒಲಿಂಪಿಕ್ಸ್ ಪದಕ ಗೆದ್ದ ಎಷ್ಟೋ ಫೆನ್ಸರ್‌ಗಳು ಅಲ್ಲಿನ ಕ್ಲಬ್ಬಿನಿಂದ ಬಂದವರು. ಅಂಥ ದೊಡ್ಡ ಕ್ಲಬ್ಬಿಗಲ್ಲ, ನಮ್ಮ ಬೀದಿಯ ಕೊನೆಯ ಶಾಲೆಯ ಹಾಲ್‌ನಲ್ಲಿ ನಡೆಯುವ ಸಣ್ಣ ತರಗತಿಗೆ ನನ್ನ ಇಬ್ಬರು ಮಕ್ಕಳನ್ನು ಸೇರಿಸಿದ್ದೇನೆ. ಅವರಲ್ಲಿ ಕಿರಿಯವಳು ನಿಮ್ಮ ಮಗಳಂಥವಳೇ ಆದ್ದರಿಂದ ಈ ಪ್ರಶ್ನೆ ನನ್ನದೂ ಹೌದು.

ನೋಯುವುದಿಲ್ಲವೆಂದು ಹೇಳಬೇಡಿ. ಬಹಳಷ್ಟು ಸಲ ನೋಯುವುದಿಲ್ಲ; ಕೆಲವೊಮ್ಮೆ ಚುರುಕ್ಕೆನ್ನುತ್ತದೆ, ಎಂದಾದರೊಮ್ಮೆ ನಾಣ್ಯದಗಲದ ನೀಲಿ ಕಲೆಯಾಗಿ ಎರಡು ದಿನ ಉಳಿಯುತ್ತದೆ. ಇದನ್ನು ಇದ್ದಂತೆಯೇ ಹೇಳಿ. ನೋಯದೆಂದು ನಂಬಿ ಹೋದ ಮಗುವಿಗೆ ಮೊದಲ ಚುರುಕು ನಂಬಿಕೆದ್ರೋಹದಂತೆ ಕಾಣುತ್ತದೆ. ತಿಳಿದು ಹೋದವಳು “ಇಷ್ಟೇನಾ” ಎನ್ನುತ್ತಾಳೆ. ವಿದ್ಯುತ್ ಯಂತ್ರಕ್ಕೆ ಜೋಡಿಸಿದ ಫಾಯಿಲ್‌ನ ತುದಿ ಅಂಕ ದಾಖಲಿಸಲು 500 ಗ್ರಾಮ್ ಒತ್ತಿದರೆ ಸಾಕು, ಎಪೇಗೆ 750 ಗ್ರಾಮ್. ಅಡುಗೆಮನೆಯ ತಕ್ಕಡಿಯ ಮೇಲೆ ಅವಳ ಬೆರಳಿನಿಂದಲೇ ಅಷ್ಟು ಒತ್ತಿಸಿ ತೋರಿಸಿ, ತಗುಲಿಸಲು ಬಲವಾಗಿ ಹೊಡೆಯಬೇಕಾಗಿಲ್ಲವೆಂಬುದು ತಾನಾಗಿ ಅರ್ಥವಾಗುತ್ತದೆ.

ಸೋಲಿನ ವಿಷಯಕ್ಕೆ ಬಂದರೆ, ಈ ಆಟದ ಒಂದು ಪದ್ಧತಿಯನ್ನು ಅವಳಿಗೆ ಮುಂಚಿತವಾಗಿ ಹೇಳಬೇಕೆಂದು ನನಗೆ ಗಾಢವಾಗಿ ಅನಿಸುತ್ತದೆ. ಯಂತ್ರಗಳು ಬರುವ ಮುಂಚೆ, ಅಂದರೆ ಒಲಿಂಪಿಕ್ಸ್‌ನಲ್ಲಿ ಎಪೇಗೆ 1936ರವರೆಗೆ, ಫಾಯಿಲ್‌ಗೆ 1956ರವರೆಗೆ, ಯಾರಿಗೆ ತಗುಲಿತೆಂಬುದನ್ನು ನಾಲ್ಕು ಮಂದಿ ಪಕ್ಕದಲ್ಲಿ ನಿಂತು ಕಣ್ಣಿನಿಂದಲೇ ನೋಡಿ ಹೇಳುತ್ತಿದ್ದರು. ಅವರ ಕಣ್ಣಿಗೆ ಬೀಳದಿದ್ದಾಗ, ತಗುಲಿಸಿಕೊಂಡವರೇ ಕೈಯೆತ್ತಿ “ನನಗೆ ತಗುಲಿತು” ಎಂದು ಒಪ್ಪಿಕೊಳ್ಳುವುದು ಮರ್ಯಾದೆಯಾಗಿತ್ತು. ಮಕ್ಕಳ ತರಗತಿಗಳಲ್ಲಿ ಮೊದಲ ತಿಂಗಳುಗಳಲ್ಲಿ ಯಂತ್ರ ಜೋಡಿಸುವುದಿಲ್ಲವಾದ್ದರಿಂದ ಇಂದಿಗೂ ಅದೇ ನಡೆಯುತ್ತದೆ. ಎಂದರೆ ನಿಮ್ಮ ಮಗಳು ಅಲ್ಲಿ ಸಂಜೆಯೊಂದಕ್ಕೆ ಹಲವಾರು ಬಾರಿ, ಸಣ್ಣ ಧ್ವನಿಯಲ್ಲಾದರೂ, ತಾನು ಸೋತ ಅಂಕವನ್ನು ತಾನೇ ಹೇಳಬೇಕಾಗುತ್ತದೆ. ಕುಂಟೆಬಿಲ್ಲೆಯಲ್ಲಿ ಔಟಾದರೆ ಆಟದಿಂದ ಹೊರಗೆ. ಇಲ್ಲಿ ತಗುಲಿದ ಮರುಕ್ಷಣ ತನ್ನ ಗೆರೆಗೆ ಹಿಂದಿರುಗಿ ಮತ್ತೆ ನಿಲ್ಲುತ್ತಾಳೆ, ಮೂಲೆಗೆ ಹೋಗಿ ಕೂರಲು ಸಮಯವೇ ಇಲ್ಲ. ಗೆದ್ದವರಿಗೂ ನಾಲ್ಕು ಬಾರಿ ತಗುಲಿರಬಹುದು, ಏಕೆಂದರೆ ಗುಂಪು ಹಂತದ ಪಂದ್ಯ ನಡೆಯುವುದು ಐದು ಅಂಕಗಳಿಗೆ. ನನ್ನ ಕಿರಿಯವಳಿಗೆ ಹಿಡಿಸಿದ್ದೇ ಈ ಲೆಕ್ಕ. ಆಟಕ್ಕೆ ಮೊದಲು ಎದುರಾಳಿಗೂ ತೀರ್ಪುಗಾರರಿಗೂ ಕತ್ತಿ ಎತ್ತಿ ವಂದಿಸಬೇಕು, ಮುಗಿದ ಮೇಲೂ ವಂದಿಸಬೇಕು; ಸಂಕೋಚದ ಮಗುವಿಗೆ ಮಾತಿಲ್ಲದೆ ಗೌರವ ತೋರುವ ದಾರಿಯೊಂದು ಸಿಕ್ಕಿದಂತಾಗುತ್ತದೆ. ಕನ್ನಡಿಯ ಮುಂದೆ ಬರಿಗೈಯಲ್ಲಿ ಆ ವಂದನೆಯನ್ನು ಈಗಲೇ ಅಭ್ಯಾಸ ಮಾಡಿಸಿ.

ನಿಮಗೂ ಒಂದು ವಿನಂತಿ. ಪಾಠ ನಡೆಯುವಾಗ ಬದಿಯಲ್ಲಿ ಕುಳಿತು ಏನನ್ನೂ ಹೇಳಿಕೊಡಬೇಡಿ, ಚಪ್ಪಾಳೆಯನ್ನೂ ತಟ್ಟಬೇಡಿ. ಮಾಸ್ಕಿನೊಳಗಿನ ಮಗುವಿಗೆ ಕೇಳಬೇಕಾದದ್ದು ಗುರುವಿನ ಧ್ವನಿ ಒಂದೇ. ಮನೆಗೆ ಬರುವ ದಾರಿಯಲ್ಲಿ “ಗೆದ್ದೆಯಾ” ಎಂದು ಕೇಳುವ ಬದಲು ಇಂದು ಯಾರೊಂದಿಗೆ ಆಡಿದೆ, ಅವರು ಹೇಗೆ ಆಡಿದರು ಎಂದು ಕೇಳಿದರೆ ಅವಳು ಬಾಯಿ ಬಿಡುತ್ತಾಳೆ.

ಉತ್ತರ: ನಿವೃತ್ತ ತರಬೇತುದಾರ, ಬೆಂಗಳೂರು

ಕೋಲಿನ ಪ್ರಶ್ನೆಗೆ ನಾನೇ ಉತ್ತರಿಸಬೇಕು. ಬೇಡ ತಾಯಿ, ತಮ್ಮನೊಂದಿಗೆ ಕೋಲಾಟ ಖಂಡಿತ ಬೇಡ. ಭವಾನಿ ದೇವಿಯವರ ಬಿದಿರು ಕೋಲಿನ ಅಭ್ಯಾಸ ನಡೆದದ್ದು ಗುರುಗಳ ಕಣ್ಣೆದುರಿಗೆ. ಮನೆಯಲ್ಲಿ ಮಾಸ್ಕ್ ಇಲ್ಲ, ಕೋಲು ಬಾಗುವುದಿಲ್ಲ. ನಿಮ್ಮ ಅತ್ತೆಯವರು ಕಣ್ಣಿನ ಬಗ್ಗೆ ಹೇಳಿದ ಮಾತು ಇಲ್ಲಿ ಅಕ್ಷರಶಃ ನಿಜ. ಮನೆಯಲ್ಲಿ ಮಾಡಲು ಬೇರೆಯದಿದೆ. ತಮ್ಮನ ಕೈಗೆ ಒಂದು ಗ್ಲೌಸ್ ಅಥವಾ ಸುತ್ತಿದ ಕಾಲುಚೀಲ ಕೊಟ್ಟು, ಭುಜದ ಎತ್ತರದಿಂದ ಇದ್ದಕ್ಕಿದ್ದಂತೆ ಕೈಬಿಡಲು ಹೇಳಿ. ಅದು ನೆಲ ಮುಟ್ಟುವುದರೊಳಗೆ ಇವಳು ಒಂದು ಹೆಜ್ಜೆ ಮುಂದಿಟ್ಟು ಎಡಗೈಯಲ್ಲಿ ಹಿಡಿಯಲಿ. ಲಂಜ್‌ನ, ಅಂದರೆ ಮುಂದಿನ ಕಾಲನ್ನು ದೂರಕ್ಕೆ ಚಾಚಿ ಮಾಡುವ ದಾಳಿಯ, ಸಮಯಜ್ಞಾನವನ್ನು ನಾವು ತರಗತಿಯಲ್ಲಿ ಕಲಿಸುವುದೂ ಬಹುಮಟ್ಟಿಗೆ ಹೀಗೆಯೇ. ಹಿಡಿಯುವುದು ಸುಲಭವಾದಂತೆ ಇಬ್ಬರ ನಡುವಿನ ದೂರವನ್ನು ಅಂಗೈಯಗಲದಷ್ಟು ಹೆಚ್ಚಿಸುತ್ತ ಹೋಗಿ, ಮುಂದಿನ ಪಾದದ ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತಿದೆಯೇ ಎಂಬುದನ್ನಷ್ಟೇ ನೋಡಿಕೊಳ್ಳಿ. ಸೋಮವಾರ ಹತ್ತು ನಿಮಿಷ ಮುಂಚೆಯೇ ತಲುಪಿ, ಜಾಕೆಟ್ ತೊಡುವುದಕ್ಕೇ ಮೊದಲ ದಿನ ಅಷ್ಟು ಹೊತ್ತು ಹಿಡಿಯುತ್ತದೆ.